ನಾಲ್ವರ ಮೇಳವೂ ಆಲದ ಮರದ ಯಕ್ಷನೂ

ನಮ್ಮ ತರ್ಕಶಾಸ್ತ್ರದಲ್ಲಿ ಐತಿಹ್ಯವೆಂಬ ಮಾತೊಂದುಂಟು. ಮೊದಲು ಹೇಳಿದವರು ಯಾರೆಂದು ತಿಳಿಯದೆ, ‘ಹೀಗಂತೆ’ ಎಂಬ ಒಂದೇ ಬಲದಿಂದ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದ ವಾರ್ತೆಗೆ ಆ ಹೆಸರು. ಶಾಸ್ತ್ರಕಾರರು ಇದಕ್ಕೆ ಕೊಡುವ ದೃಷ್ಟಾಂತವು ಸೊಗಸಾಗಿದೆ: ಈ ಆಲದ ಮರದಲ್ಲಿ ಯಕ್ಷನೊಬ್ಬನು ವಾಸವಾಗಿರುವನೆಂಬ ಮಾತು. ಊರವರೆಲ್ಲರೂ ಅದನ್ನು ಬಲ್ಲರು. ಯಕ್ಷನನ್ನು ಕಂಡವರು ಮಾತ್ರ ಒಬ್ಬರೂ ಸಿಕ್ಕುವುದಿಲ್ಲ. ಪೌರಾಣಿಕರು ಐತಿಹ್ಯವನ್ನೂ ಒಂದು ಸ್ವತಂತ್ರ ಪ್ರಮಾಣವೆಂದು ಎಣಿಸಿದರು. ನೈಯಾಯಿಕರು ಒಪ್ಪಲಿಲ್ಲ. ಮೂಲದಲ್ಲಿ ಹೇಳಿದವನು ಆಪ್ತನೆಂದು ಗೊತ್ತಾದರೆ ಅದು ಶಬ್ದಪ್ರಮಾಣದಲ್ಲಿಯೇ ಅಡಗುವುದು, ಗೊತ್ತಾಗದಿದ್ದರೆ ಅದು ಪ್ರಮಾಣವೇ ಅಲ್ಲ ಎಂದು ಅವರ ತೀರ್ಪು. ಗಮನಿಸಬೇಕಾದದ್ದೇನೆಂದರೆ, ಅವರು ಯಕ್ಷನು ಇಲ್ಲವೆಂದು ಸಾಧಿಸಹೊರಡಲಿಲ್ಲ. ಕಂಡವನಾರು ಎಂದು ಕೇಳಿದರು, ಅಷ್ಟೆ.

ಇಷ್ಟು ಪೀಠಿಕೆಗೆ ಕಾರಣವುಂಟು. ಈ ಪುಟವನ್ನು ತಪ್ಪದೆ ಓದುವ ಗೃಹಸ್ಥರೊಬ್ಬರು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಟೆನ್ನೆಸಿಯಲ್ಲಿ ಉದ್ಯೋಗದಲ್ಲಿರುವ ಮಗನ ಮನೆಗೆ ಹೋಗಿ ಬಂದಿದ್ದಾರೆ. ಅಲ್ಲಿ ಲಾರೆನ್ಸ್‌ಬರ್ಗ್ ಎಂಬ ಚಿಕ್ಕ ಊರು ತನ್ನನ್ನು ‘ಸದರ್ನ್ ಗಾಸ್ಪೆಲ್ ಸಂಗೀತದ ಜನ್ಮಸ್ಥಳ’ವೆಂದು ಕರೆದುಕೊಳ್ಳುವುದನ್ನು ಕಂಡು, “ಸಂಗೀತಕ್ಕೆ ಹುಟ್ಟಿದ ಊರು, ಹುಟ್ಟಿದ ವರ್ಷ ಇರುವುದುಂಟೆ? ಇದು ಚರಿತ್ರೆಯೋ ಸ್ಥಳಪುರಾಣವೋ?” ಎಂದು ಕೇಳಿ ಬರೆದಿದ್ದಾರೆ. ಪ್ರಶ್ನೆಯು ಒಳ್ಳೆಯದು. ಉತ್ತರವು ಒಂದು ಮಾತಿನಲ್ಲಿ ಮುಗಿಯುವಂಥದಲ್ಲವಾದುದರಿಂದ ಈ ತಿಂಗಳ ಪುಟವನ್ನೆಲ್ಲ ಅದಕ್ಕೇ ಮೀಸಲಿಟ್ಟಿದ್ದೇನೆ.

ಮೊದಲು ಪದಾರ್ಥವನ್ನು ತಿಳಿಯೋಣ. ಗಾಸ್ಪೆಲ್ಲೆಂದರೆ ಸುವಾರ್ತೆ, ಕ್ರೈಸ್ತರ ಭಕ್ತಿಗೀತೆಗಳಲ್ಲಿ ಒಂದು ಬಗೆಗೆ ಆ ಹೆಸರು ನಿಂತಿದೆ. ಕ್ವಾರ್ಟೆಟ್ಟೆಂದರೆ ನಾಲ್ವರ ಮೇಳ. ನಮ್ಮ ಸಂಗೀತದಂತೆ ಅಲ್ಲಿ ರಾಗವು ಒಂದೇ ಎಳೆಯಾಗಿ ಹರಿಯುವುದಿಲ್ಲ; ಬೇರೆಬೇರೆ ಸ್ಥಾಯಿಯ ಸ್ವರಗಳನ್ನು ಏಕಕಾಲದಲ್ಲಿ ಹೊಂದಿಸಿ ಹಾಡುವರು. ಪುರುಷರ ಮೇಳದಲ್ಲಿ ಎತ್ತರದ ಧ್ವನಿಗೆ ಟೆನರ್ ಎಂದೂ, ಹಾಡಿನ ಮುಖ್ಯವಾದ ಮಟ್ಟನ್ನು ಹಿಡಿಯುವ ಧ್ವನಿಗೆ ಲೀಡ್ ಎಂದೂ, ನಡುವಿನ ತೆರಪನ್ನು ತುಂಬುವುದಕ್ಕೆ ಬ್ಯಾರಿಟೋನ್ ಎಂದೂ, ತಳದ ಗಂಭೀರ ಧ್ವನಿಗೆ ಬಾಸ್ ಎಂದೂ ಹೆಸರು. ಸೋಲ್ ಸ್ಟಿರರ್ಸ್ ಎಂಬ ಪ್ರಸಿದ್ಧ ಮೇಳದಲ್ಲಿ ಐದು ಮಂದಿ ಇದ್ದರೂ ಅದನ್ನು ಕ್ವಾರ್ಟೆಟ್ಟೆಂದೇ ಕರೆಯುತ್ತಿದ್ದರು. ಎಣಿಸುವುದು ಧ್ವನಿಗಳನ್ನು, ತಲೆಗಳನ್ನಲ್ಲ. ಅಮೆರಿಕದ ದಕ್ಷಿಣ ಸಂಸ್ಥಾನಗಳ ಬಿಳಿಯ ಜನರಲ್ಲಿ ಬೆಳೆದ ಈ ನಾಲ್ವರ ಗಾನಕ್ಕೆ ‘ಸದರ್ನ್ ಗಾಸ್ಪೆಲ್’ ಎಂಬ ಹೆಸರು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೂಢಿಗೆ ಬಂತು. ಹೆಸರು ಹಾಡಿಗಿಂತ ಬಹಳ ಚಿಕ್ಕ ವಯಸ್ಸಿನದು. ಇದೊಂದನ್ನು ನೆನಪಿನಲ್ಲಿಟ್ಟರೆ ಮುಂದಿನದು ಅರ್ಧ ತಿಳಿದಂತೆಯೇ.

ಲಾರೆನ್ಸ್‌ಬರ್ಗಿನ ಕಥೆ ಹೀಗಿದೆ. ಜೇಮ್ಸ್ ಡಿ. ವಾನ್ (1864–1941) ಎಂಬಾತನು ಮೊದಲು ಶಾಲಾಮಾಸ್ತರನಾಗಿದ್ದನು. ಟೆಕ್ಸಸ್ಸಿನ ಸಿಸ್ಕೋ ಎಂಬ ಊರಿನಲ್ಲಿದ್ದಾಗ 1893ನೆಯ ಇಸವಿಯ ಸುಂಟರಗಾಳಿಯಲ್ಲಿ ಮನೆಯನ್ನು ಕಳೆದುಕೊಂಡು ಟೆನ್ನೆಸಿಗೆ ಹಿಂದಿರುಗಿದನು; 1900ರಲ್ಲಿ ತನ್ನ ಮೊದಲನೆಯ ಹಾಡಿನ ಪುಸ್ತಕವನ್ನು ಪ್ರಕಟಿಸಿ, ಕೆಲವು ಕಾಲದ ಮೇಲೆ ಲಾರೆನ್ಸ್‌ಬರ್ಗಿನಲ್ಲಿ ಪ್ರಕಾಶನವನ್ನು ನೆಲೆಗೊಳಿಸಿದನು. 1910ರಲ್ಲಿ ಆತನು, ತನ್ನ ತಮ್ಮನಾದ ಚಾರ್ಲ್ಸ್ ಸೇರಿದಂತೆ ನಾಲ್ವರು ಗಾಯಕರಿಗೆ ಸಂಬಳ ಕೊಟ್ಟು, ಊರೂರಿಗೆ ಹೋಗಿ ತನ್ನ ಪುಸ್ತಕದ ಹಾಡುಗಳನ್ನು ಹಾಡಿ ಬರುವಂತೆ ಕಳುಹಿಸಿದನು. ಹಾಡು ಕೇಳಿದವರು ಪುಸ್ತಕವನ್ನು ಕೊಂಡರು. 1909ರಲ್ಲಿ ಸುಮಾರು 30,000 ಪ್ರತಿಗಳಷ್ಟಿದ್ದ ಮಾರಾಟವು ಮರುವರ್ಷ ಇಮ್ಮಡಿಯಾಯಿತೆಂದು ಲೆಕ್ಕ. ಇದನ್ನು ಕಂಡ ಇತರ ಪ್ರಕಾಶಕರೂ ತಮ್ಮ ತಮ್ಮ ಮೇಳಗಳನ್ನು ಕಟ್ಟಿದರು. ಅಲ್ಲಿಂದ ಈ ಸಂಗೀತವು ಹುಟ್ಟಿತೆಂಬುದು ಸಾಂಪ್ರದಾಯಿಕ ವೃತ್ತಾಂತ.

ಇದರಲ್ಲಿ ಸುಳ್ಳು ಯಾವುದು? ವ್ಯಕ್ತಿಯು ದಿಟ, ಊರು ದಿಟ, ವರ್ಷವೂ ದಿಟ. ಒಂದು ಪ್ರಕಾಶನಸಂಸ್ಥೆಯು ತನ್ನ ಪುಸ್ತಕಗಳ ಪ್ರಚಾರಕ್ಕಾಗಿ ಸಂಬಳ ಕೊಟ್ಟು ಕಳುಹಿಸಿದ ಮೇಳಗಳಲ್ಲಿ ವಾನನ ಮೇಳವು ಮೊದಲನೆಯದೆಂಬ ಮಾತನ್ನು ಒಪ್ಪಬಹುದು. ಆದರೆ ಈ ಉದ್ದವಾದ ವಿಶೇಷಣವನ್ನು ಹೊತ್ತುಕೊಂಡು ನಡೆಯಲು ಜನರ ನಾಲಗೆಗೆ ಬೇಸರ. ಮೊದಲು ‘ಪ್ರಕಾಶನಸಂಸ್ಥೆಯ’ ಎಂಬುದು ಉದುರಿತು; ಆಮೇಲೆ ‘ಸಂಬಳದ’ ಎಂಬುದು ಉದುರಿತು; ಕೊನೆಗೆ ‘ಮೊದಲನೆಯ ಗಾಸ್ಪೆಲ್ ಮೇಳ’ವೆಂಬುದಷ್ಟೇ ಉಳಿಯಿತು. ದಿಟವಾದ ವಾಕ್ಯದಿಂದ ಎರಡು ವಿಶೇಷಣಗಳನ್ನು ತೆಗೆದರೆ ಸುಳ್ಳು ತಾನಾಗಿ ಸಿದ್ಧವಾಗುವುದು. ಯಾರೂ ಸುಳ್ಳು ಹೇಳಬೇಕಾಗಿಯೇ ಇಲ್ಲ.

ಉದುರಿದ ವಿಶೇಷಣಗಳ ಹಿಂದೆ ಯಾರು ಯಾರು ಮರೆಯಾದರೆಂಬುದನ್ನು ನೋಡಬೇಕು.

ಮೊದಲನೆಯದಾಗಿ, ವಾನನ ಗುರುಪರಂಪರೆಯೇ ಮರೆಯಾಯಿತು. ವರ್ಜೀನಿಯ ಸಂಸ್ಥಾನದ ಶೆನಂಡೋವ ಕಣಿವೆಯಲ್ಲಿ ಜೋಸೆಫ್ ಫಂಕ್ ಎಂಬಾತನು 1832ರಲ್ಲಿಯೇ ನಾದಲಿಪಿಯ ಹಾಡಿನ ಪುಸ್ತಕವೊಂದನ್ನು ಪ್ರಕಟಿಸಿದ್ದನು. ಆತನ ಮೊಮ್ಮಗ ಆಲ್ಡೀನ್ ಕೀಫರನು (1840–1904) ಅಂತರ್ಯುದ್ಧದಲ್ಲಿ ದಕ್ಷಿಣದ ಸೈನ್ಯದಲ್ಲಿದ್ದು ಬಂದವನು. ಯುದ್ಧ ಮುಗಿದ ಮೇಲೆ ತನ್ನ ಭಾವನಾದ ಎಫ್ರೈಮ್ ರೂಬುಷನೊಡನೆ ಕೂಡಿ ಪ್ರಕಾಶನವನ್ನು ನಡೆಸಿದನು, 1870ರಲ್ಲಿ ‘ಮ್ಯೂಸಿಕಲ್ ಮಿಲಿಯನ್’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದನು. ಅವರು ಪ್ರಚಾರ ಮಾಡಿದ ಸ್ವರಲಿಪಿಯ ವಿಷಯವು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಸರಳೆ ವರಸೆ ಹೇಳಿಕೊಡುವವರಿಗೆ ಸ್ವಾರಸ್ಯವಾಗಿರಬಹುದು. ನಾವು ಸ-ರಿ-ಗ-ಮ ಎಂದು ಅಕ್ಷರದಿಂದ ಗುರುತಿಸುವ ಏಳು ಸ್ವರಗಳನ್ನು ಅವರು ಆಕಾರದಿಂದ ಗುರುತಿಸಿದರು: ಒಂದಕ್ಕೆ ತ್ರಿಕೋಣ, ಒಂದಕ್ಕೆ ಚೌಕ, ಒಂದಕ್ಕೆ ವಜ್ರದ ಆಕಾರ, ಹೀಗೆ. ಗೆರೆಗಳ ಮೇಲಿನ ಸ್ಥಾನವನ್ನು ಲೆಕ್ಕ ಹಾಕದೆ, ಆಕಾರವನ್ನು ಕಂಡೊಡನೆ ಸ್ವರವನ್ನು ಹಿಡಿಯಬಹುದು. ನಾಲ್ಕು ಆಕಾರಗಳ ಪದ್ಧತಿಯು 1801ರಷ್ಟು ಹಳೆಯದು. ಏಳು ಆಕಾರಗಳ ಪದ್ಧತಿಯನ್ನು 1846ರಲ್ಲಿ ಜೆಸ್ಸಿ ಐಕಿನ್ ಎಂಬಾತನು ಪ್ರಕಟಿಸಿದನು. ಸಂಚಾರಿ ಉಪಾಧ್ಯಾಯನೊಬ್ಬನು ಹಳ್ಳಿಗೆ ಬಂದು ಕೆಲವು ದಿನ ನಿಂತರೆ, ಹೊಲಗೆಲಸದ ಜನರು ರಾತ್ರಿ ಹೊತ್ತು ಕಲಿತು, ಹೊಸ ಹಾಡನ್ನು ಪುಸ್ತಕ ನೋಡಿಯೇ ನಾಲ್ಕು ಧ್ವನಿಗಳಲ್ಲಿ ಹಾಡಬಲ್ಲವರಾಗುತ್ತಿದ್ದರು. ವಾನನು ಈ ಗಿಡದ ಒಂದು ಕೊಂಬೆ. ಜಾರ್ಜಿಯದ ಡಾಲ್ಟನ್ನಿನಲ್ಲಿ ಪ್ರಕಾಶನ ನಡೆಸಿದ ಆಂಥನಿ ಶೋವಾಲ್ಟರನು ಇನ್ನೊಂದು, ಮತ್ತು ಮೊದಲೇ ಚಿಗುರಿದ, ಕೊಂಬೆ. ಡಗ್ಲಸ್ ಹ್ಯಾರಿಸನ್ ಎಂಬ ವಿದ್ವಾಂಸರು 2012ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ 1910ರ ಮೂಲಕಥೆಯನ್ನು ಪ್ರಶ್ನಿಸಿ, ಬೇರನ್ನು ಕೀಫರನ ಕಾಲಕ್ಕೆ ಒಯ್ದಿದ್ದಾರೆ. ಅವರ ವಾದವು ನನಗೆ ಸಮ್ಮತವಾಗಿದೆ.

ಎರಡನೆಯ ಮರೆವು ಇದಕ್ಕಿಂತ ಗುರುತರವಾದುದು.

ಲಾರೆನ್ಸ್‌ಬರ್ಗಿನಿಂದ ಉತ್ತರಕ್ಕೆ ಎಂಬತ್ತು ಮೈಲಿಯೊಳಗೆ ನ್ಯಾಶ್‌ವಿಲ್ ನಗರವಿದೆ. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕಪ್ಪುಜನರ ವಿದ್ಯಾಭ್ಯಾಸಕ್ಕಾಗಿ ಅಲ್ಲಿ ಫಿಸ್ಕ್ ಎಂಬ ವಿದ್ಯಾಶಾಲೆಯು ಸ್ಥಾಪಿತವಾಗಿತ್ತು. ಅದು ಸಾಲದಿಂದ ಮುಚ್ಚುವ ಸ್ಥಿತಿಗೆ ಬಂದಾಗ, ಕೋಶಾಧಿಕಾರಿಯಾದ ಜಾರ್ಜ್ ವೈಟನು 1871ರ ಅಕ್ಟೋಬರ್ 6ರಂದು ವಿದ್ಯಾರ್ಥಿಗಳ ಒಂದು ಗಾಯಕವೃಂದವನ್ನು ಕಟ್ಟಿಕೊಂಡು ಧನಸಂಗ್ರಹಕ್ಕೆ ಹೊರಟನು. ಅವರಲ್ಲಿ ಹೆಚ್ಚಿನವರು ಗುಲಾಮರಾಗಿ ಹುಟ್ಟಿದವರು. ಫಿಸ್ಕ್ ಜೂಬಿಲಿ ಗಾಯಕರೆಂದು ಹೆಸರಾದ ಇವರು ತಮ್ಮ ಹಿರಿಯರ ಭಕ್ತಿಗೀತೆಗಳನ್ನು ಹಾಡಿ, 1873ರಲ್ಲಿ ಇಂಗ್ಲೆಂಡಿಗೂ ಹೋಗಿ, ವಿದ್ಯಾಶಾಲೆಯನ್ನು ಉಳಿಸಿದರು. ಶಾಲೆಯೊಂದು ಹಾಡಿನಿಂದ ಉಳಿದದ್ದು, ನಮ್ಮಂಥ ಮಾಸ್ತರರು ಕಿವಿಗೊಟ್ಟು ಕೇಳತಕ್ಕ ಕಥೆ. ಮತ್ತು ಇದು ಕಥೆಯಲ್ಲ, ಲೆಕ್ಕಪತ್ರಗಳಿರುವ ಚರಿತ್ರೆ.

ಈ ಚರಿತ್ರೆಯ ಮೇಲೂ ಒಬ್ಬ ಯಕ್ಷನು ಏರಿ ಕುಳಿತಿದ್ದಾನೆ. ವಿಕ್ಟೋರಿಯ ರಾಣಿಯು ಇವರ ಹಾಡನ್ನು ಕೇಳಿ, ನೀವು ಸಂಗೀತನಗರದಿಂದಲೇ ಬಂದಿರಬೇಕೆಂದಳಂತೆ. ಅಂದಿನಿಂದ ನ್ಯಾಶ್‌ವಿಲ್ಲಿಗೆ ‘ಮ್ಯೂಸಿಕ್ ಸಿಟಿ’ ಎಂಬ ಬಿರುದು ಬಂತಂತೆ. ರಾಣಿಯು ಹಾಡು ಕೇಳಿದ್ದು ನಿಜ. ಆದರೆ ಬಿರುದು ಬಳಕೆಗೆ ಬಂದದ್ದು 1950ರಲ್ಲಿ, ಡಬ್ಲ್ಯು.ಎಸ್.ಎಮ್. ಎಂಬ ಅಲ್ಲಿನ ರೇಡಿಯೋ ನಿಲಯದ ಡೇವಿಡ್ ಕಾಬ್ ಎಂಬ ಘೋಷಕನ ಬಾಯಿಂದ. ಮುಕ್ಕಾಲು ಶತಮಾನದ ಕಾಲ ರಾಣಿಯ ಮಾತು ಎಲ್ಲಿ ಅಡಗಿತ್ತೆಂದು ಕೇಳಿದರೆ ಯಕ್ಷನು ಇಳಿದು ಓಡುತ್ತಾನೆ. ರೇಡಿಯೋದ ಉದ್ಯೋಗಿಗಿಂತ ರಾಣಿಯು ಹೆಚ್ಚು ಶೋಭಿಸುವಳೆಂಬುದೇ ಈ ಕಥೆಯ ಆಯುಷ್ಯಕ್ಕೆ ಕಾರಣವಿರಬೇಕು.

ಈಗ ನಾಲ್ವರ ಮೇಳಕ್ಕೆ ಬರೋಣ. 1902ರ ಅಕ್ಟೋಬರಿನಲ್ಲಿ ಡಿನ್‌ವಿಡ್ಡಿ ಕಲರ್ಡ್ ಕ್ವಾರ್ಟೆಟ್ ಎಂಬ ಕಪ್ಪು ಗಾಯಕರ ಮೇಳವು ವಿಕ್ಟರ್ ಕಂಪೆನಿಗಾಗಿ ಆರು ಹಾಡುಗಳನ್ನು ಧ್ವನಿಮುದ್ರಿಸಿತು. ಈ ಮೇಳವೂ ವರ್ಜೀನಿಯದ ಒಂದು ಕೈಗಾರಿಕಾ ಶಾಲೆಗಾಗಿ ಹಣ ಕೂಡಿಸಲು ಊರೂರು ಸುತ್ತುತ್ತಿದ್ದುದೇ. 1909ರ ಡಿಸೆಂಬರಿನಲ್ಲಿ ಫಿಸ್ಕ್ ವಿದ್ಯಾಲಯದ ಪುರುಷರ ಕ್ವಾರ್ಟೆಟ್ಟು ಅದೇ ಕಂಪೆನಿಗೆ ಹಾಡಿತು. ಅದರ ಮೊದಲನೆಯ ಟೆನರ್ ಆಗಿದ್ದ ಜಾನ್ ವೆಸ್ಲಿ ವರ್ಕನು ಅದೇ ವಿದ್ಯಾಲಯದಲ್ಲಿ ಲ್ಯಾಟಿನ್ ಭಾಷೆಯನ್ನೂ ಇತಿಹಾಸವನ್ನೂ ಬೋಧಿಸುತ್ತಿದ್ದವನು. ವಾನನ ನಾಲ್ವರು ಹೊರಟದ್ದು 1910ರಲ್ಲಿ. ಒಂದು ಸಂಸ್ಥೆಯು ತನ್ನ ನಿರ್ವಾಹಕ್ಕಾಗಿ ನಾಲ್ವರು ಪುರುಷರನ್ನು ಕಳುಹಿಸಿ, ದಕ್ಷಿಣದ ಭಕ್ತಿಗೀತೆಗಳನ್ನು ನಾಲ್ಕು ಧ್ವನಿಗಳಲ್ಲಿ ಹಾಡಿಸಿ, ಹಣ ಸಂಪಾದಿಸಿದ ಕ್ರಮವು ಲಾರೆನ್ಸ್‌ಬರ್ಗಿಗಿಂತ ಮೊದಲೇ, ಅದರ ನೆರೆಯಲ್ಲಿಯೇ, ಪ್ರಸಿದ್ಧವಾಗಿ ನಡೆಯುತ್ತಿತ್ತು. ವಾನನು ಅವರನ್ನು ನೋಡಿ ಅನುಕರಿಸಿದನೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಇನ್ನೊಬ್ಬ ಯಕ್ಷನನ್ನು ನಾನೇ ಮರಕ್ಕೆ ಏರಿಸಿದಂತಾಗುವುದು. ಆದರೆ ‘ಮೊದಲನೆಯ’ ಎಂಬ ಪದವು ಉಳಿಯಬೇಕಾದರೆ ಈ ಗಾಯಕರು ಇರಲೇ ಇಲ್ಲವೆಂದು ಭಾವಿಸಬೇಕಾಗುತ್ತದೆ. ಬಿಳಿಯರಿಗೂ ಕಪ್ಪುಜನರಿಗೂ ರೈಲಿನ ಗಾಡಿ, ಶಾಲೆ, ದೇವಮಂದಿರ ಎಲ್ಲವೂ ಬೇರೆಬೇರೆಯಾಗಿದ್ದ ಕಾಲವದು. ಚರಿತ್ರೆಯ ಪುಸ್ತಕದಲ್ಲಿಯೂ ಬೇರೆಬೇರೆ ಪುಟಗಳಾದವು. ಹೀಗಾಗಿ ಒಂದು ಪುಟದ ಮೊದಲನೆಯವನು ಇಡೀ ಗ್ರಂಥದ ಮೊದಲನೆಯವನಾದನು.

ಹಾಡು ಮಾತ್ರ ಆ ಬೇಲಿಯನ್ನು ಲಕ್ಷಿಸಲಿಲ್ಲ. ವರ್ಜೀನಿಯದ ನಾರ್ಫಕ್ಕಿನಲ್ಲಿ 1934ರಲ್ಲಿ ಕಪ್ಪು ವಿದ್ಯಾರ್ಥಿಗಳಿಂದ ಹುಟ್ಟಿದ ಗೋಲ್ಡನ್ ಗೇಟ್ ಕ್ವಾರ್ಟೆಟ್ಟಿನ ಚುರುಕಾದ ತಾಳಗತಿಯು, 1948ರಲ್ಲಿ ಅಟ್ಲಾಂಟದಲ್ಲಿ ಹೋವಿ ಲಿಸ್ಟರನು ಕಟ್ಟಿದ ಸ್ಟೇಟ್ಸ್‌ಮನ್ ಕ್ವಾರ್ಟೆಟ್ಟಿನಂಥ ಬಿಳಿಯರ ಮೇಳಗಳಲ್ಲಿ ಕಿವಿಯಿದ್ದವರಿಗೆ ಸ್ಪಷ್ಟವಾಗಿ ಕೇಳಿಬರುತ್ತದೆ. ಇಂಥಲ್ಲಿ ಧ್ವನಿಮುದ್ರಿಕೆಯೇ ಪ್ರತ್ಯಕ್ಷಪ್ರಮಾಣ.

ಇನ್ನು ಸಣ್ಣ ಯಕ್ಷರನ್ನು ಬೇಗ ಬೇಗ ವಿಚಾರಿಸಿ ಕಳುಹಿಸೋಣ.

1927ರಲ್ಲಿ ಫ್ರ್ಯಾಂಕ್ ಸ್ಟ್ಯಾಂಪ್ಸನ ಮೇಳವು ಅಟ್ಲಾಂಟದಲ್ಲಿ ವಿಕ್ಟರ್ ಕಂಪೆನಿಗೆ ಹಾಡಿದ ‘ಗಿವ್ ದ ವರ್ಲ್ಡ್ ಎ ಸ್ಮೈಲ್’ ಎಂಬ ಹಾಡು ಬಹು ಜನಪ್ರಿಯವಾಯಿತು. ಅದು ಗಾಸ್ಪೆಲ್ ಹಾಡುಗಳಲ್ಲಿ ಮೊದಲನೆಯ ‘ಚಿನ್ನದ ತಟ್ಟೆ’ ಎಂದು ಹೇಳುವವರುಂಟು. ಹತ್ತು ಲಕ್ಷ ಪ್ರತಿ ಮಾರಾಟವಾದ ಮುದ್ರಿಕೆಗೆ ಚಿನ್ನದ ಬಣ್ಣದ ತಟ್ಟೆಯನ್ನು ಕೊಡುವ ಪದ್ಧತಿಯು 1942ರ ಫೆಬ್ರವರಿಯಲ್ಲಿ ಗ್ಲೆನ್ ಮಿಲ್ಲರನಿಗೆ ಕೊಟ್ಟಾಗ ಆರಂಭವಾದದ್ದು. ಮುದ್ರಿಕೆಗಳ ಉದ್ಯಮಸಂಘವು ಲೆಕ್ಕವನ್ನು ತನಿಖೆ ಮಾಡಿ ಪ್ರಮಾಣಪತ್ರ ಕೊಡಲಾರಂಭಿಸಿದ್ದು 1958ರಲ್ಲಿ. ಇಲ್ಲದ ಪದವಿಯನ್ನು 1927ರ ಹಾಡು ಪಡೆಯಲಾರದು. ಹಾಡು ಚೆನ್ನಾಗಿ ಮಾರಾಟವಾಯಿತೆಂದರೆ ಸಾಕಾಗಿತ್ತು.

ರಾತ್ರಿಯೆಲ್ಲ ನಡೆಯುವ ಗಾನಕೂಟವನ್ನು ವಾಲಿ ಫೌಲರನು ಕಂಡುಹಿಡಿದನೆಂಬುದು ಇನ್ನೊಂದು. 1948ರ ನವೆಂಬರ್ 5ರಂದು ನ್ಯಾಶ್‌ವಿಲ್ಲಿನ ರೈಮನ್ ಸಭಾಮಂದಿರದಲ್ಲಿ ಆತನು ಅಂಥದೊಂದನ್ನು ನಡೆಸಿದ್ದೂ, ಅದರಿಂದ ಆ ಕೂಟಗಳು ದೇಶದಲ್ಲೆಲ್ಲ ಹಬ್ಬಿದ್ದೂ ನಿಜ. ಆದರೆ 1930ರ ದಶಕದ ಕೊನೆಯಲ್ಲಿಯೇ ಟೆಕ್ಸಸ್ಸಿನ ಡಲ್ಲಸ್ಸಿನಲ್ಲಿ ವಿ. ಓ. ಸ್ಟ್ಯಾಂಪ್ಸನು, ಮೇಲೆ ಹೇಳಿದ ಫ್ರ್ಯಾಂಕನ ಅಣ್ಣ, ರೇಡಿಯೋ ಮೂಲಕ ರಾತ್ರಿಯೆಲ್ಲ ಹಾಡಿಸಿದ್ದನು. ಫೌಲರನು ಜನಕನಲ್ಲ, ಚೆನ್ನಾಗಿ ಸಾಕಿದವನು.

ಗಾಯಕರ ಪ್ರಯಾಣದ ಬಸ್ಸಿನ ಕಥೆಯಲ್ಲಿ ಸ್ವಲ್ಪ ನಿಲ್ಲಬೇಕು. ಅದರ ಹಿಂದೆ ದುಃಖವಿದೆ. ಬ್ಲ್ಯಾಕ್‌ವುಡ್ ಬ್ರದರ್ಸ್ ಎಂಬುದು 1934ರಲ್ಲಿ ಮಿಸಿಸಿಪಿಯ ಬಡ ಮನೆತನವೊಂದರಲ್ಲಿ ಆರಂಭವಾದ ಮೇಳ. 1954ರ ಜೂನ್ ಮಧ್ಯದಲ್ಲಿ ಅವರು ಆರ್ಥರ್ ಗಾಡ್‌ಫ್ರಿಯ ದೂರದರ್ಶನ ಸ್ಪರ್ಧೆಯಲ್ಲಿ ಗೆದ್ದು ದೇಶಕ್ಕೆಲ್ಲ ಪರಿಚಿತರಾದರು. ಹದಿನೈದು ದಿನಗಳು ಕಳೆದವೋ ಇಲ್ಲವೋ, ಜೂನ್ 30ರಂದು ಅಲಬಾಮದ ಕ್ಲ್ಯಾಂಟನ್ ಎಂಬಲ್ಲಿ ಅವರ ವಿಮಾನವು ನೆಲಕ್ಕೆ ಬಿದ್ದು ಬ್ಯಾರಿಟೋನ್ ಆರ್. ಡಬ್ಲ್ಯು. ಬ್ಲ್ಯಾಕ್‌ವುಡ್ಡನೂ ಬಾಸ್ ಬಿಲ್ ಲೈಲ್ಸನೂ, ಅವರೊಡನಿದ್ದ ಒಬ್ಬ ಯುವಕನೂ ಮಡಿದರು. ಹಾಡು ಕೇಳಲು ನೆರೆದಿದ್ದ ಜನರ ಕಣ್ಣೆದುರಿಗೇ ಇದು ನಡೆಯಿತು. ಆರ್. ಡಬ್ಲ್ಯು.ವಿನ ಸ್ಥಾನಕ್ಕೆ ಆತನ ತಮ್ಮ ಸೆಸಿಲನೂ, ಲೈಲ್ಸನ ಸ್ಥಾನಕ್ಕೆ ಜೆ. ಡಿ. ಸಮ್ನರನೂ ಬಂದರು. ಮೇಳವು ಮತ್ತೆ ವಿಮಾನವೇರಲು ಮನಸ್ಸಿಲ್ಲದೆ 1955ರಲ್ಲಿ ಒಂದು ಬಸ್ಸನ್ನು ಕೊಂಡು ಪ್ರಯಾಣಕ್ಕೆ ಅಣಿಗೊಳಿಸಿಕೊಂಡಿತು. ಇದರಿಂದ ಸಮ್ನರನು ಗಾಯಕರ ಬಸ್ಸಿಗೆ ಆದಿಪುರುಷನೆಂಬ ಮಾತು ಹುಟ್ಟಿತು. ಬಾಬ್ ವಿಲ್ಸನ ವಾದ್ಯವೃಂದವು 1930ರ ದಶಕದಲ್ಲಿಯೇ ಬಸ್ಸಿನಲ್ಲಿ ತಿರುಗುತ್ತಿತ್ತು. ಆದುದರಿಂದ ಆದಿಪುರುಷನೆಂಬುದು ನಿಲ್ಲದು. ಗಾಸ್ಪೆಲ್ ಮೇಳಗಳಲ್ಲಿ ಆ ವಾಡಿಕೆಯನ್ನು ಇವರು ತಂದರೆಂಬಷ್ಟು ಮಾತ್ರ ನಿಲ್ಲುತ್ತದೆ. ಮೂವರ ಸಾವಿನಿಂದ ಬಂದ ಬಸ್ಸಿಗೆ ಇನ್ನೊಂದು ಬಿರುದು ಬೇಕಿರಲಿಲ್ಲವೆಂದು ನನಗೆ ತೋರುತ್ತದೆ.

ಇದೇ ದುರ್ಘಟನೆಗೆ ಹೊಂದಿಕೊಂಡು ಎಲ್ವಿಸ್ ಪ್ರೆಸ್ಲಿಯ ಕಥೆ ಬರುತ್ತದೆ. ಈ ಹೆಸರನ್ನು ನಮ್ಮ ಮನೆಗಳ ಯುವಕರೂ ಬಲ್ಲರು. ಕುಣಿತದ ಹಾಡುಗಳಿಂದ ಲೋಕಪ್ರಸಿದ್ಧನಾದ ಈತನಿಗೆ ಬಂದ ಮೂರು ಗ್ರ್ಯಾಮಿ ಪ್ರಶಸ್ತಿಗಳೂ ಗಾಸ್ಪೆಲ್ ಗಾಯನಕ್ಕಾಗಿಯೇ ಬಂದವೆಂಬುದನ್ನು ಬಲ್ಲವರು ಕಡಮೆ. ಐತಿಹ್ಯವು ಹೀಗೆ: ಎಲ್ವಿಸನು ಬ್ಲ್ಯಾಕ್‌ವುಡ್ ಬ್ರದರ್ಸ್ ಮೇಳಕ್ಕೆ ಸೇರಲು ಹೋದನು, ನಿನಗೆ ಹಾಡಲು ಬಾರದೆಂದು ಅವರು ತಿರಸ್ಕರಿಸಿದರು, ಆತನು ಜಗತ್ತನ್ನು ಗೆದ್ದು ಉತ್ತರ ಕೊಟ್ಟನು. ಕೇಳಲು ಬಹಳ ಹಿತವಾಗಿದೆ. ಪರೀಕ್ಷೆಯಲ್ಲಿ ತಪ್ಪಿದ ಹುಡುಗರಿಗೆಲ್ಲ ಇದನ್ನು ಹೇಳಿ ಸಮಾಧಾನಪಡಿಸಬಹುದು.

ಸಂಬಂಧಪಟ್ಟವರು ಹೇಳಿದುದನ್ನು ಕೂಡಿಸಿದರೆ ದೊರೆಯುವುದು ಬೇರೆ. 1954ರಲ್ಲಿ ಎಲ್ವಿಸನಿಗೆ ಹತ್ತೊಂಬತ್ತು ವರ್ಷ. ಮೆಂಫಿಸ್ ನಗರದಲ್ಲಿ ಆತನು ಹೋಗುತ್ತಿದ್ದ ದೇವಮಂದಿರಕ್ಕೇ ಬ್ಲ್ಯಾಕ್‌ವುಡ್ ಮನೆಯವರೂ ಹೋಗುತ್ತಿದ್ದರು. ಅಲ್ಲಿ ಸಾಂಗ್‌ಫೆಲೋಸ್ ಎಂಬ ಕಿರಿಯರ ಮೇಳವೊಂದಿತ್ತು. ಅದರಲ್ಲಿ ಸೆಸಿಲ್ ಬ್ಲ್ಯಾಕ್‌ವುಡ್ಡನೂ, ಮಂದ��ರದ ಪಾದ್ರಿಯ ಮಗನಾದ ಜಿಮ್ ಹ್ಯಾಮಿಲನೂ ಇದ್ದರು. ಎಲ್ವಿಸನು ಹಾಡಿ ತೋರಿಸಿದ್ದು ಈ ಹುಡುಗರ ಮುಂದೆ. ಅವರು ಸೇರಿಸಿಕೊಳ್ಳಲಿಲ್ಲ. ಒಂಟಿಯಾಗಿ ಹಾಡುವಾಗ ಚೆನ್ನಾಗಿದ್ದವನು ಇತರರ ಧ್ವನಿಗೆ ತನ್ನ ಭಾಗವನ್ನು ಹೊಂದಿಸಿ ನಿಲ್ಲಲಾರದೆ ಮುಖ್ಯವಾದ ಮಟ್ಟಿಗೇ ಜಾರುತ್ತಿದ್ದನೆಂಬುದು ಅವರ ಕಡೆಯ ವಿವರಣೆ. ನನಗೆ ಹಾಡಲು ಬಾರದೆಂದರು ಎಂದು ಎಲ್ವಿಸನು ಮನೆಯಲ್ಲಿ ಹೇಳಿಕೊಂಡನೆಂಬುದು ಈ ಕಡೆಯ ವರದಿ. ಎರಡೂ ನಿಜವಾಗಿರಲು ಅಡ್ಡಿಯಿಲ್ಲ. ಹೇಳಿದವನು ಒಂದು ವಿಶೇಷಣದೊಡನೆ ಹೇಳಿರಬಹುದು; ನೊಂದವನ ಕಿವಿಯಲ್ಲಿ ವಿಶೇಷಣವು ಉಳಿಯುವುದಿಲ್ಲ. ಲಾರೆನ್ಸ್‌ಬರ್ಗಿನಲ್ಲಿ ಅರ್ಧ ಶತಮಾನದಲ್ಲಿ ನಡೆದ ಕೆಲಸವು ಇಲ್ಲಿ ಒಂದೇ ಸಂಜೆಯಲ್ಲಿ ನಡೆಯಿತೆಂದು ತಿಳಿಯಬಹುದು.

ಕಥೆಗೆ ಉತ್ತರಭಾಗವೊಂದುಂಟು. ವಿಮಾನ ಬಿದ್ದು ಸೆಸಿಲನು ಹಿರಿಯರ ಮೇಳಕ್ಕೆ ಹೋದಾಗ ಕಿರಿಯರ ಮೇಳದಲ್ಲಿ ಜಾಗ ತೆರವಾಯಿತು. ಈಗ ಎಲ್ವಿಸನನ್ನು ಕರೆದರು. ಆದರೆ ಅಷ್ಟರಲ್ಲಿ ಆತನು ಸನ್ ಎಂಬ ಮುದ್ರಿಕಾ ಕಂಪೆನಿಗೆ ಹಾಡಲು ಒಪ್ಪಿಯಾಗಿತ್ತು. ಇದನ್ನು ಹೇಳಿದವನು ಹಿರಿಯ ಮೇಳದ ಜೇಮ್ಸ್ ಬ್ಲ್ಯಾಕ್‌ವುಡ್, ಹತ್ತಿರದ ಸಾಕ್ಷಿ. ದಿನಾಂಕಗಳನ್ನು ಇಟ್ಟು ನೋಡಿದರೆ, ವಿಮಾನ ಬಿದ್ದದ್ದು ಜೂನ್ 30; ಎಲ್ವಿಸನು ಸನ್ ಕಂಪೆನಿಯಲ್ಲಿ ತನ್ನ ಮೊದಲನೆಯ ಪ್ರಸಿದ್ಧ ಹಾಡನ್ನು ಮುದ್ರಿಸಿದ್ದು ಜುಲೈ 5. ನಡುವೆ ಐದು ದಿನ. ಕಥೆಯು ಕಾಲಕ್ಕೆ ಸರಿಯಾಗಿ ಕೂಡುತ್ತದೆ, ಸಾಕ್ಷಿಯ ಹೆಸರೂ ಇದೆ. ನಾನು ಇದನ್ನು ಒಪ್ಪುವ ಕಡೆಗೇ ಇದ್ದೇನೆ. ಆದರೆ ಸತ್ತವರ ಜಾಗಕ್ಕೆ, ಎಂದರೆ ಬ್ಲ್ಯಾಕ್‌ವುಡ್ ಬ್ರದರ್ಸ್ ಮೇಳಕ್ಕೇ, ಎಲ್ವಿಸನು ಬರಬೇಕಾಗಿತ್ತೆಂದು ಬೆಳೆಸುವವರ ಮಾತನ್ನು ಬಿಡಬೇಕು. ಆ ಸ್ಥಾನಗಳು ಯಾರಿಗೆ ಹೋದವೆಂಬುದು ಮೇಲೆಯೇ ಬಂದಿದೆ. ತಿರಸ್ಕಾರವು ಹಗೆಯಾಗಿಯೂ ಉಳಿಯಲಿಲ್ಲ. 1958ರಲ್ಲಿ ಎಲ್ವಿಸನ ತಾಯಿಯ ಅಂತ್ಯಕ್ರಿಯೆಯಲ್ಲಿ ಹಾಡಿದವರು ಬ್ಲ್ಯಾಕ್‌ವುಡ್ ಬ್ರದರ್ಸ್; 1977ರಲ್ಲಿ ಆತನ ಅಂತ್ಯಕ್ರಿಯೆಯಲ್ಲಿ ಹಾಡಿದವರಲ್ಲಿ ಜೇಮ್ಸ್ ಬ್ಲ್ಯಾಕ್‌ವುಡ್ಡನೂ ಸಮ್ನರನೂ ಇದ್ದರು.

ಹೀಗೆ ಕಥೆಗಳನ್ನು ಒಂದೊಂದಾಗಿ ಕೆಳಗಿಳಿಸುತ್ತ ಹೋದರೆ, ಅದ್ಭುತವಾದುದೆಲ್ಲ ಸುಳ್ಳೆಂಬ ಅಭ್ಯಾಸವು ಮನಸ್ಸಿಗೆ ಅಂಟುವುದು. ಅದಕ್ಕೆ ಪ್ರತಿಯಾಗಿ ಒಂದನ್ನು ಹೇಳುತ್ತೇನೆ. ಓಕ್ ರಿಡ್ಜ್ ಬಾಯ್ಸ್ ಎಂಬ ಜನಪ್ರಿಯ ಮೇಳದ ಹೆಸರು ಪರಮಾಣು ಬಾಂಬಿನ ಕಾರ್ಖಾನೆಯಿಂದ ಬಂತೆಂದು ಯಾರಾದರೂ ಹೇಳಿದರೆ ನಗು ಬರುವುದು ಸಹಜ. ಅದು ನಿಜವಾಗಿದೆ. 1942ರಿಂದ ಟೆನ್ನೆಸಿಯ ಗುಡ್ಡಗಳ ನಡುವೆ ಓಕ್ ರಿಡ್ಜ್ ಎಂಬ ಗುಪ್ತನಗರವನ್ನು ಸರಕಾರವು ಕಟ್ಟಿತು. 1945ರಲ್ಲಿ ಅಲ್ಲಿ ಸುಮಾರು 75,000 ಜನರಿದ್ದರು. ಸುತ್ತಲೂ ಬೇಲಿ, ಕಾವಲು. ಹಿರೋಷಿಮದ ಮೇಲೆ ಹಾಕಿದ ಬಾಂಬಿನ ಯುರೇನಿಯಮ್ಮನ್ನು ಶುದ್ಧಮಾಡಿದ್ದು ಅಲ್ಲಿ. ತಾವು ಮಾಡುತ್ತಿರುವುದೇನೆಂದು ಕೆಲಸಗಾರರಲ್ಲಿ ಬಹುಮಂದಿಗೆ ತಿಳಿದಿರಲಿಲ್ಲ. ಸಮೀಪದ ನಾಕ್ಸ್‌ವಿಲ್ಲಿನಿಂದ ವಾಲಿ ಫೌಲರನ ‘ಜಾರ್ಜಿಯ ಕ್ಲಾಡ್‌ಹಾಪರ್ಸ್’ ಮೇಳವು, ರಾತ್ರಿಯ ಗಾನಕೂಟದಲ್ಲಿ ಕಂಡ ಫೌಲರನೇ ಈತ, ಅವರಿಗೆ ಮತ್ತೆ ಮತ್ತೆ ಹೋಗಿ ಭಕ್ತಿಗೀತೆಗಳನ್ನು ಹಾಡುತ್ತಿತ್ತು. ಆ ನಂಟಿನಿಂದ ಮೇಳವು ಓಕ್ ರಿಡ್ಜ್ ಕ್ವಾರ್ಟೆಟ್ ಎಂಬ ಹೆಸರನ್ನು ತಳೆಯಿತು. ಅದೇ ಮುಂದೆ ಓಕ್ ರಿಡ್ಜ್ ಬಾಯ್ಸ್ ಆಯಿತು. ಒಂದು ಕಡೆ ಶಾಂತಿಯ ಹಾಡು, ಒಂದು ಕಡೆ ಲಕ್ಷಾಂತರ ಜನರನ್ನು ನಡುಗಿಸಲಿದ್ದ ಅಸ್ತ್ರ, ನಡುವೆ ಏನನ್ನೂ ಅರಿಯದ ಶ್ರೋತೃಗಳು. ಯಾವ ಪೌರಾಣಿಕನೂ ಇದನ್ನು ಕಲ್ಪಿಸುವ ಧೈರ್ಯ ಮಾಡುತ್ತಿರಲಿಲ್ಲ.

ಹೆಸರುಗಳ ಗೊಂದಲವೊಂದು ಉಳಿದಿದೆ. ಇದರಲ್ಲಿ ಮತ್ತೆ ಋಣದ ವಿಷಯ ಬರುವುದರಿಂದ ಬಿಡುವಂತಿಲ್ಲ. ಬಿಳಿಯರ ಮೇಳಗಳೂ ಎಲ್ವಿಸನೂ ಹಾಡಿದ ‘ಟೇಕ್ ಮೈ ಹ್ಯಾಂಡ್, ಪ್ರೆಷಸ್ ಲಾರ್ಡ್’ ಎಂಬ ಹಾಡನ್ನು ಟಾಮಿ ಡಾರ್ಸಿ ಎಂಬ ಪ್ರಸಿದ್ಧ ಬಿಳಿಯ ವಾದ್ಯಗಾರನು ರಚಿಸಿದನೆಂದು ಎಷ್ಟೋ ಕಡೆ ಹೇಳುತ್ತಾರೆ. ರಚಿಸಿದವನು ಥಾಮಸ್ ಎ. ಡಾರ್ಸಿ (1899–1993), ಜಾರ್ಜಿಯದಲ್ಲಿ ಹುಟ್ಟಿ ಷಿಕಾಗೋದಲ್ಲಿ ಬಾಳಿದ ಕಪ್ಪು ಗೀತಕಾರ. 1932ರ ಆಗಸ್ಟಿನಲ್ಲಿ ಆತನು ಸೇಂಟ್ ಲೂಯಿಸ್ ನಗರಕ್ಕೆ ಹಾಡಲು ಹೋಗಿದ್ದಾಗ, ಷಿಕಾಗೋದಲ್ಲಿ ಹೆಂಡತಿ ನೆಟ್ಟಿಯು ಹೆರಿಗೆಯಲ್ಲಿ ತೀರಿಕೊಂಡಳು, ಕೂಸೂ ಉಳಿಯಲಿಲ್ಲ. ಕೆಲವು ದಿನಗಳ ಮೇಲೆ ಪಿಯಾನೋದ ಮುಂದೆ ಕುಳಿತು ಈ ಹಾಡನ್ನು ಕಟ್ಟಿದನು. ಮಟ್ಟು ಮಾತ್ರ 1844ರಲ್ಲಿ ಪ್ರಕಟವಾದ ಜಾರ್ಜ್ ಆಲನ್ ಎಂಬಾತನ ಹಳೆಯ ಸ್ತೋತ್ರದ ಮಟ್ಟಿನಿಂದ ಎತ್ತಿಕೊಂಡದ್ದು. ಇಲ್ಲಿ ಐತಿಹ್ಯದ ತಪ್ಪು ಬರಿಯ ಹೆಸರಿನ ತಪ್ಪಲ್ಲ. ಸತ್ತ ಹೆಂಡತಿಯ ಮುಂದೆ ಅತ್ತವನೊಬ್ಬ, ಹಾಡಿನ ಕರ್ತೃವೆನ್ನಿಸಿಕೊಂಡವನು ಇನ್ನೊಬ್ಬ. ಈ ಹಾಡನ್ನು ತಮ್ಮ ಮಕ್ಕಳಿಗೆ ಕಲಿಸುವವರು ಕರ್ತೃವಿನ ಪೂರ್ಣ ಹೆಸರನ್ನು ಕಲಿಸತಕ್ಕದ್ದು.

ಕರ್ತೃವೇ ಐತಿಹ್ಯಕ್ಕೆ ಅವಕಾಶ ಕೊಡದ ಸಂದರ್ಭವೂ ಒಂದುಂಟು. ‘ಐಲ್ ಫ್ಲೈ ಅವೇ’ ಎಂಬ ಹಾಡು, ಆತ್ಮವು ಹಾರಿಹೋಗುವುದನ್ನು ಹೇಳುವಂಥದು, ಈ ಮೇಳಗಳ ಎಲ್ಲ ಹಾಡುಗಳಲ್ಲಿ ಹೆಚ್ಚು ಜನರ ಬಾಯಲ್ಲಿರುವುದು. ಇಂಥ ಹಾಡಿಗೆ ಮರಣಶಯ್ಯೆಯೋ ದೇವದರ್ಶನವೋ ಹಿನ್ನೆಲೆಯಾಗಿರಬೇಕೆಂದು ಯಾರಿಗಾದರೂ ತೋರುವುದು. ರಚಿಸಿದ ಆಲ್ಬರ್ಟ್ ಬ್ರಮ್ಲಿಯನ್ನು ಕೇಳಿದವರಿಗೆ ಆತನು ಕೊಟ್ಟ ಉತ್ತರ ಬೇರೆ: 1929ರ ಸುಮಾರಿನಲ್ಲಿ ಓಕ್ಲಹೋಮದಲ್ಲಿ ತಂದೆಯ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದನಂತೆ, ಆಗ ಬಳಕೆಯಲ್ಲಿದ್ದ, ಸೆರೆಯಾಳೊಬ್ಬನ ಲೌಕಿಕ ಹಾಡನ್ನು ಗುನುಗುತ್ತಿದ್ದನಂತೆ, ಹಾರಿಹೋಗಬೇಕೆಂದು ಅನ್ನಿಸಿದ್ದು ಲೋಕದಿಂದಲ್ಲ, ಆ ಹತ್ತಿಯ ಹೊಲದಿಂದಂತೆ. ಹಾಡನ್ನು ತಿದ್ದಿ ಮುಗಿಸಲು ಕೆಲವು ವರ್ಷಗಳು ಹಿಡಿದವು. 1932ರಲ್ಲಿ ಆರ್ಕನ್ಸಾದ ಹಾರ್ಟ್‌ಫರ್ಡ್ ಮ್ಯೂಸಿಕ್ ಕಂಪೆನಿಯು ಅದನ್ನು ತನ್ನ ಆ ವರ್ಷದ ಹಾಡಿನ ಪುಸ್ತಕದಲ್ಲಿ, ಏಳು ಆಕಾರಗಳ ಲಿಪಿಯಲ್ಲಿ, ಇತರ ಹಾಡುಗಳ ನಡುವೆ ಒಂದಾಗಿ ಅಚ್ಚುಹಾಕಿತು.